ಕಾಂಪೌಂಡರ್ ಇಟ್ಟ ಹೆಸರುಗಳು

ಆ ಮನೆತನದಲ್ಲಿ ನಾಲ್ಕು ಜನಕ್ಕೆ ಔಷಧಿಗಳ ಹೆಸರಿತ್ತು. ಹಿರಿಯವನು ಕ್ವಿನೈನ್, ಅವನ ಕೆಳಗೆ ಅಲೋಸ್, ಮೂರನೆಯವನು ಕ್ಯಾಸ್ಟರ್, ನಾಲ್ಕನೆಯವಳು ಅರ್ಗಟಾ. ಇವು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರುಗಳಲ್ಲ. ಶಾಲೆಯ ಹಾಜರಿ ಪುಸ್ತಕ, ಮತದಾರರ ಪಟ್ಟಿ, ಕೊನೆಗೆ ಮರಣಪತ್ರ, ಎಲ್ಲದರಲ್ಲೂ ಶಾಯಿಯಲ್ಲಿ ಬರೆಸಿಕೊಂಡ ಅಸಲಿ ಹೆಸರುಗಳು. ಐದನೆಯವನೊಬ್ಬನಿದ್ದ. ಅವನಿಗೆ ಮಾತ್ರ ಬೀದಿಗೆ ಹತ್ತು ಮಂದಿಗಿರುವಂಥ ಹೆಸರು. ಎಷ್ಟು ಸಾಮಾನ್ಯವೆಂದರೆ, ಇಲ್ಲಿ ಬರೆದರೆ ಪುಟ ತಿರುವುವಷ್ಟರಲ್ಲಿ ಮರೆತುಹೋಗುತ್ತದೆ. ಅಣ್ಣಂದಿರು, ಅಕ್ಕ ಸೇರಿ ಅವನಿಗೆ ‘ಲೇಬಲ್ಲಿಲ್ಲದ ಸೀಸೆ’ ಎಂದು ಹೆಸರಿಟ್ಟರು. ಬರಬರುತ್ತ ಅದು ಬರೀ ‘ಸೀಸೆ’ಯಾಯಿತು. ಅರವತ್ತೆಂಟಕ್ಕೆ ಸಾಯುವ ತನಕ ಅವನು ಸೀಸೆಯಾಗಿಯೇ ಇದ್ದ.

ಇವರ ಅಪ್ಪ ಸರ್ಕಾರಿ ದವಾಖಾನೆಯಲ್ಲಿ ಕಾಂಪೌಂಡರ್. ಡಾಕ್ಟರು ಚೀಟಿ ಬರೆದರೆ ಕಿಟಕಿಯ ಹಿಂದೆ ನಿಂತು ಔಷಧಿ ಬೆರೆಸಿ, ಸೀಸೆಯ ಮೈಗೆ ಅಳತೆಯ ಕಾಗದಪಟ್ಟಿ ಅಂಟಿಸಿ ಕೊಡುವ ಕೆಲಸ. ಮನೆತನದ ಪುರಾಣದ ಪ್ರಕಾರ, ಅವನ ಹೆಂಡತಿ ಪ್ರತಿ ಬಸಿರಿನಲ್ಲೂ ಸಾವಿನ ಬಾಗಿಲು ತಟ್ಟಿ ವಾಪಸು ಬರುತ್ತಿದ್ದಳು. ಪ್ರತಿ ಸಲವೂ ಕಾಂಪೌಂಡರ್ ಒಂದೊಂದು ಔಷಧಿ ಕುಡಿಸಿ ತಾಯಿ, ಮಗು ಇಬ್ಬರನ್ನೂ ಉಳಿಸಿಕೊಳ್ಳುತ್ತಿದ್ದ. ಉಳಿಸಿದ ಔಷಧಿಯ ಋಣಕ್ಕೆ ಅದರ ಹೆಸರನ್ನೇ ಮಗುವಿಗೆ ಇಡುತ್ತಿದ್ದ. ಈ ಪುರಾಣದಲ್ಲಿ ತಾಯಿಗೆ ಹೆಚ್ಚು ಪಾತ್ರವಿರಲಿಲ್ಲ. ಅವಳು ಕಲ್ಲೆದೆಯವಳು, ಹೆತ್ತ ಮಕ್ಕಳನ್ನು ಒಂದು ದಿನಕ್ಕೂ ಹೆಸರು ಹಿಡಿದು ಕರೆದವಳಲ್ಲ. ‘ದೊಡ್ಡದೇ’, ‘ನಡುವಿಂದೇ’, ‘ಕೂಸೇ’ ಎಂದಷ್ಟೇ ಕರೆದು, ಐದನೆಯದನ್ನು ಹೆತ್ತು ಸತ್ತಳು.

ಔಷಧಿಗಳ ಪೈಕಿ ಈಗ ಉಳಿದಿದ್ದವಳು ಅರ್ಗಟಾ ಒಬ್ಬಳೇ. ವಯಸ್ಸು ಎಂಬತ್ತನಾಲ್ಕು. ಅವಧಿ ಮೀರಿದ್ದರೂ ಖಾರ ಇಳಿದಿರಲಿಲ್ಲ. ಮದುವೆಯಾಗಿರಲಿಲ್ಲ. ನೋಡಲು ಬಂದಿದ್ದ ಒಂದು ಡಾಕ್ಟರ ಮನೆಯವರು ಹೆಸರು ಕೇಳಿ ಮುಖ ಮುಖ ನೋಡಿಕೊಂಡು, ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದರಂತೆ. “ಓದಿದವರ ದಿಮಾಕು” ಎಂದು ಅವಳು ಅರವತ್ತು ವರ್ಷದಿಂದ ಅವರನ್ನು ಬೈಯುತ್ತ ಬಂದಿದ್ದಳು. ಹಿರಿಯಣ್ಣನ ಮಗನ ಮನೆಯಲ್ಲಿ, ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅವಳ ವಾಸ. ಅವನದು ಛಾಪಖಾನೆ: ಲೆಟರ್‌ಹೆಡ್ಡು, ವಿಸಿಟಿಂಗ್ ಕಾರ್ಡು, ಅಂಗಡಿಗಳ ಕರಪತ್ರ. ಊರಿಗೆಲ್ಲ ಅವನು ಪ್ರೆಸ್ ಅಣ್ಣ.

ಅತ್ತೆಗೆ ಎಂಬತ್ತೈದು ತುಂಬುವುದರೊಳಗೆ ಮನೆತನದ ಚರಿತ್ರೆಯನ್ನು ಪುಸ್ತಕ ಮಾಡಬೇಕೆಂಬ ಹುಕಿ ಹುಟ್ಟಿದ್ದು ಅವನಿಗೆ. ಬರೆಯುವ ಕೆಲಸ ಸೀಸೆಯ ಮಗಳ ತಲೆಗೆ ಬಂತು. ಐವತ್ತೊಂದು ದಾಟಿದ ಅವಳು ಸರ್ಕಾರಿ ದಾಖಲೆ ಕೋಣೆಯಲ್ಲಿ ಗುಮಾಸ್ತೆ.

“ನೀನು ಹೇಗಿದ್ರೂ ದಿನಾ ಹಳೇ ಕಾಗದದ ಧೂಳು ತಿನ್ನೋಳು,” ಎಂದಿದ್ದ ಪ್ರೆಸ್ ಅಣ್ಣ. “ಇನ್ನೊಂದು ಹಿಡಿ ತಿನ್ನು.”

“ಮೊದಲ್ನೇ ಪುಟದಲ್ಲಿ ಅಪ್ಪನ ಫೋಟೋ,” ಎಂದಿದ್ದಳು ಅತ್ತೆ. “ಅದರ ಕೆಳಗೆ ನಮ್ಮ ಹೆಸರುಗಳ ಕಥೆ. ನಮ್ಮ ನಾಲ್ಕೂ ಜನರದ್ದು. ನಿನ್ನಪ್ಪಂದು ಕಥೆಯೇ ಇಲ್ವಲ್ಲ, ಏನ್ ಬರೀತೀಯಾ?”

ಈ ಮಾತು ಸೀಸೆಯ ಮಗಳಿಗೆ ಹೊಸದಲ್ಲ. ಆದರೂ ಕೆಲಸ ಒಪ್ಪಿಕೊಂಡದ್ದು ಈ ಮಾತಿಗಾಗಿಯೇ. ಅವಳಪ್ಪ ಆಸ್ಪತ್ರೆಯ ಮಂಚದಲ್ಲಿ ಕೊನೆಯ ವಾರ ಕಳೆಯುತ್ತಿದ್ದಾಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದ್ದ, “ನಮ್ಮಪ್ಪ ನಂಗ್ಯಾಕೆ ಹೆಸರಿಡ್ಲಿಲ್ಲ?”

“ಇಟ್ಟಿದಾರಲ್ಲಪ್ಪ.”

“ಅದು ಯಾವನೋ ಗುಮಾಸ್ತ ಬರ್ಕೊಂಡಿದ್ದು. ಅಮ್ಮನ್ನ ತಿಂದ್ಕೊಂಡು ಹುಟ್ಟಿದೋನಿಗೆ ಹೆಸರು ಬೇರೆ ಕೇಡು ಅಂತ ಬಿಟ್ಟಿರ್ಬೇಕು.” ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಅರವತ್ತೆಂಟು ವರ್ಷದ ಗಂಡಸು, ಮಗ್ಗಿ ತಪ್ಪಿದ ಹುಡುಗನ ಹಾಗೆ. ಅವನಿಗೊಂದು ಉತ್ತರ ಹುಡುಕಬೇಕಿತ್ತು ಅವಳಿಗೆ. ಕೇಳಿದವನು ಹೋಗಿ ಮೂರು ವರ್ಷವಾಗಿತ್ತು ಎಂಬುದು ಬೇರೆ ಮಾತು. ಸರ್ಕಾರಿ ನೌಕರರಿಗೆ ತಡವಾಗಿ ಉತ್ತರಿಸುವುದು ಅಭ್ಯಾಸವೇ.

ಹಳೆಯ ದವಾಖಾನೆಯನ್ನು ಕೆಡವುವ ಮುಂಚೆ ಅಲ್ಲಿನ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ದಾಖಲೆ ಕೋಣೆಗೆ ಕಳಿಸಿದ್ದರು. ಕೋಣೆಯ ಕಿಟಕಿಗಳಿಗೆ ಕಪಾಟು ಅಡ್ಡ ಇಟ್ಟು ಬೆಳಕಿಗೂ ಗಾಳಿಗೂ ಏಕಕಾಲಕ್ಕೆ ಬೀಗ ಹಾಕಲಾಗಿತ್ತು. ಹಳೆ ಕಾಗದ ಮುಟ್ಟಲು ಬಿಳಿ ಕೈಗವಸನ್ನು ಉದ್ಘಾಟನೆಯ ದಿನ ಕೊಟ್ಟಿದ್ದರು, ಫೋಟೋ ತೆಗೆದ ಮೇಲೆ ವಾಪಸು ತೆಗೆದುಕೊಂಡಿದ್ದರು. ಊಟದ ಬಿಡುವಿನಲ್ಲಿ ಅವಳು ದಿನಕ್ಕೊಂದು ಚೀಲ ಬಿಚ್ಚಿದಳು. ಒಂಬತ್ತನೆಯ ಚೀಲದಲ್ಲಿ ಔಷಧಿ ಕೊಟ್ಟ ಪುಸ್ತಕಗಳು ಸಿಕ್ಕವು.

ಪ್ರತಿ ಪುಟಕ್ಕೂ ಐದು ಅಂಕಣ: ತಾರೀಖು, ರೋಗಿ, ಔಷಧಿ, ಕೊಟ್ಟವರು, ಪಡೆದವರ ಸಹಿ. ತಿಂಗಳ ಕೊನೆಗೆ ಕಾಂಪೌಂಡರ್ ಕುಳಿತು, ಕಪಾಟಿನಲ್ಲಿ ಉಳಿದ ಔಷಧಿಯನ್ನು ಪುಸ್ತಕಕ್ಕೆ ತಾಳೆ ನೋಡಿ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕು. ಅಜ್ಜನ ಕೆಂಪು ಗುರುತು ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಅರ್ಧ ಚಮಚ ಕೆಮ್ಮಿನ ಔಷಧಿ ಕೂಡ ಅವನ ಕಣ್ಣು ತಪ್ಪಿಸಿ ಆ ದವಾಖಾನೆಯ ಹೊಸಿಲು ದಾಟಿರಲಾರದು. ಅವಳಿಗೆ ತುಸು ಹೆಮ್ಮೆಯೂ ಆಯಿತು. ಗುಮಾಸ್ತೆಯರ ಹೆಮ್ಮೆ ಇಂಥಲ್ಲೇ ಇರುತ್ತದೆ.

ಆಗ ಒಂದು ಸಾಲು ಕಂಡಿತು. ರೋಗಿ: ಕಾಂಪೌಂಡರ ಪತ್ನಿ. ಔಷಧಿ: ಅರ್ಗಟ್. ಕೊಟ್ಟವರು: ದಾದಿ. ಪಡೆದವರ ಸಹಿ: ಒಂದೊಂದು ಅಕ್ಷರವನ್ನೂ ಒಂದೊಂದು ಇಟ್ಟಿಗೆಯಂತೆ ಇಟ್ಟು ಕಟ್ಟಿದ ಅಜ್ಜಿಯ ಹೆಸರು. ಆ ಮನೆತನದ ಯಾವ ಕಾಗದದಲ್ಲೂ ಅಜ್ಜಿಯ ಕೈಬರಹ ಇರಲಿಲ್ಲ. ಅಜ್ಜಿಗೆ ಬರೆಯಲು ಬರುತ್ತಿತ್ತು ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಪುರಾಣ ನಿಜ ಎಂದುಕೊಂಡಳು. ಅರ್ಗಟ್ ಕೊಡುವುದು ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲಿಕ್ಕೆ ಎಂದು ಅತ್ತೆ ಲಕ್ಷ ಸಲ ಹೇಳಿದ್ದಳು. ಪುಟದ ಗುರುತು ಬರೆದುಕೊಳ್ಳುವಾಗ ಅಭ್ಯಾಸಬಲದಿಂದ ತಾರೀಖು ನೋಡಿದಳು. ಬೆರಳು ಮಡಿಸಿ ಎಣಿಸಿದಳು. ಮತ್ತೆ ಎಣಿಸಿದಳು. ಅತ್ತೆ ಹುಟ್ಟಿದ್ದು ಆ ತಾರೀಖು ಕಳೆದು ಏಳು ತಿಂಗಳಿಗೆ.

ಹೆರಿಗೆಯಾದ ಮೇಲೆ ಕೊಡುವ ಔಷಧಿಯನ್ನು ಏಳು ತಿಂಗಳು ಮುಂಚೆ ಯಾರೂ ಕೊಟ್ಟಿಡುವುದಿಲ್ಲ. ಅದನ್ನು ಮುಂಚೆ ಕುಡಿಯುವುದು ಬಸಿರು ಇಳಿಸಲಿಕ್ಕೆ ಎಂಬುದು ಆ ಕಾಲದ ಹೆಂಗಸರಿಗೆ ಗೊತ್ತಿತ್ತು, ಅತ್ತೆಯನ್ನು ನೋಡಲು ಬಂದಿದ್ದ ಡಾಕ್ಟರ ಮನೆಯವರಿಗೂ ಗೊತ್ತಿತ್ತು.

ಉಳಿದ ಮೂರು ಸಾಲು ಹುಡುಕಲು ಮೂರು ದಿನ ಹಿಡಿಯಿತು. ಕ್ಯಾಸ್ಟರ್ ದೊಡ್ಡಪ್ಪ ಹುಟ್ಟುವ ಆರೂವರೆ ತಿಂಗಳ ಮುಂಚೆ ಕ್ಯಾಸ್ಟರ್. ಅಲೋಸ್ ದೊಡ್ಡಪ್ಪನಿಗೆ ಏಳು ತಿಂಗಳ ಮುಂಚೆ ಅಲೋಸ್. ಹಿರಿಯ ದೊಡ್ಡಪ್ಪನಿಗೆ ಕ್ವಿನೈನ್. ಅವನ್ನೂ ಆ ಕಾಲದ ಹೆಂಗಸರು ಅದೇ ಕೆಲಸಕ್ಕೆ ಕುಡಿಯುತ್ತಿದ್ದರು. ನಾಲ್ಕರಲ್ಲೂ ಅದೇ ದಾದಿ, ಅದೇ ಇಟ್ಟಿಗೆ ಸಹಿ. ನಾಲ್ಕರ ಪಕ್ಕದಲ್ಲೂ ಕೆಂಪು ಶಾಯಿ. ಆದರೆ ಉಳಿದ ಸಾಲುಗಳ ಹಾಗೆ ಬರೀ ಗುರುತಲ್ಲ; ಒಂದು ಮಾತು, ಮೇಲೆ ತಾರೀಖು, ಕೆಳಗೆ ರುಜು: ‘ಗಮನಿಸಿದೆ.’

ಕ್ವಿನೈನ್ ಸಾಲಿಗೂ ಹಿಂದಿನ ವರ್ಷದ ರೋಗಿಗಳ ಪುಸ್ತಕದಲ್ಲಿ ಡಾಕ್ಟರ ಕೈಬರಹವಿತ್ತು. ಕಾಂಪೌಂಡರ ಪತ್ನಿಗೆ ಮೊದಲ ಹೆರಿಗೆ, ಮಗು ಸತ್ತು ಹುಟ್ಟಿದೆ, ಇನ್ನೊಂದು ಹೆರಿಗೆ ಈ ಹೆಂಗಸಿನ ಜೀವಕ್ಕೆ ಅಪಾಯ, ಗಂಡನಿಗೆ ತಿಳಿಸಿದೆ. ಅಲ್ಲೂ ಕೆಂಪು ಶಾಯಿ. ಅಲ್ಲೂ ಅದೇ ಒಂದು ಮಾತು.

ಅವಳು ಪುಸ್ತಕ ಮುಚ್ಚಿ ಕೈ ತೊಳೆಯಲು ಹೋದಳು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಾಗ, ಅತ್ತೆ ಪ್ರೀತಿಯ ಕಥೆಯೆಂದು ಹೇಳುತ್ತಿದ್ದ ಇನ್ನೊಂದು ನೆನಪಾಯಿತು. “ನಮ್ಮಪ್ಪ ಒಂದು ಲೋಟ ನೀರು ಬೇಕಾದ್ರೂ ನಮ್ಮನ್ನ ಪೂರ್ತಿ ಹೆಸರು ಹಿಡಿದೇ ಕರೀತಿದ್ದ. ಅಮ್ಮ ಒಲೆ ಮುಂದೆ ಇದ್ರೆ ಅಲ್ಲೇ ಬಾಗಿಲಲ್ಲಿ ನಿಂತು, ಜೋರಾಗಿ. ದಿನಕ್ಕೆ ನಲವತ್ತು ಸಲ. ಅಷ್ಟು ಆಸೆ ಪಟ್ಟು ಇಟ್ಟ ಹೆಸರು ನೋಡು!”

ಆ ಹೆಸರುಗಳನ್ನು ಕೇಳಬೇಕಾಗಿದ್ದವಳು ಅಜ್ಜಿ ಒಬ್ಬಳೇ. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ, ಸಿಕ್ಕಿಬಿದ್ದೆ ಎಂದು ಹೇಳಲೂ ಇಲ್ಲ. ಮಗುವಿಗೆ ಹೆಸರಿಟ್ಟ, ಅಷ್ಟೇ. ಅವಳು ಮಕ್ಕಳನ್ನು ‘ಕೂಸೇ’ ಎಂದು ಕರೆಯದೆ ಇನ್ನೇನು ಕರೆಯಬೇಕಿತ್ತು? ಐದನೆಯದರ ಹೊತ್ತಿಗೆ ದಾದಿಗೆ ಪಿಂಚಣಿಯಾಗಿ ಹೋಗಿತ್ತು, ಪುಸ್ತಕದಲ್ಲಿ ಸಾಲಿಲ್ಲ. ಜನನ ನೋಂದಣಿಯಲ್ಲಿ ಮಾತ್ರ ಒಂದು ಷರಾ ಇತ್ತು: ‘ತಾಯಿ ಮೃತ. ತಂದೆ ಹೆಸರು ಸೂಚಿಸಲಿಲ್ಲ, ಕಚೇರಿಯಿಂದ ತುಂಬಿದೆ.’ ಕೇಳುವವಳು ಸತ್ತಮೇಲೆ ಹೆಸರಿಟ್ಟು ಪ್ರಯೋಜನವೇನು? ಅವಳಪ್ಪನಿಗೆ ಸಿಕ್ಕಿದ್ದು ಶಿಕ್ಷೆಯಲ್ಲ. ಐವರಲ್ಲಿ ಅವನೊಬ್ಬನ ಹೆಸರಲ್ಲಿ ಮಾತ್ರ ಯಾವ ಮುಳ್ಳೂ ಇರಲಿಲ್ಲ.

ಇದನ್ನು ಪುಸ್ತಕದಲ್ಲಿ ಬರೆಯಬೇಕು ಎಂದು ಅವಳು ತೀರ್ಮಾನಿಸಿದಳು. ಅಪ್ಪನಿಗೆ ಉತ್ತರ, ಅಜ್ಜಿಗೆ ನ್ಯಾಯ. ಅತ್ತೆಗೆ ನೋವಾಗುತ್ತದೆ, ನಿಜ. ಆಗಲಿ ಎಂದೂ ಒಳಗೊಳಗೆ ಅನ್ನಿಸಿತು. ಅರವತ್ತು ವರ್ಷ ಸೀಸೆ, ಸೀಸೆ ಎಂದದ್ದಕ್ಕೆ ಒಂದು ಬೆಳಗಿನ ನೋವು ಹೆಚ್ಚೇನಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯ ಕೋಣೆಗೆ ಹೋದಳು. ಪ್ರೆಸ್ ಅಣ್ಣ ಕಿಟಕಿಯ ಬಳಿ ಕುಳಿತು ಕಾಗದದ ನಮೂನೆಗಳನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದ.

“ಸಿಕ್ತಾ?” ಎಂದಳು ಅತ್ತೆ.

“ಸಿಕ್ತು ಅತ್ತೆ. ಆದ್ರೆ ನೀವಂದ್ಕೊಂಡ ಹಾಗಿಲ್ಲ.”

“ನಾನು ಅಂದ್ಕೊಂಡ ಹಾಗೆ ನಿನ್ನ ಮುಖಾನೂ ಇಲ್ಲ. ಓದು.”

ಓದಿದಳು. ಫೋನಿನಲ್ಲಿ ತೆಗೆದಿದ್ದ ಪುಟಗಳನ್ನು ಒಂದೊಂದಾಗಿ ತೋರಿಸಿದಳು. ತಾರೀಖು, ಔಷಧಿ, ಸಹಿ, ಕೆಂಪು ಶಾಯಿ. ಡಾಕ್ಟರ ಮಾತನ್ನು ಎರಡು ಸಲ ಓದಿದಳು. ಹೆಸರು ಯಾಕೆ ಇಟ್ಟಿರಬಹುದೆಂದು ತನಗನ್ನಿಸಿದ್ದನ್ನು ಹೇಳಿದಳು. ಸಾಧ್ಯವಾದಷ್ಟು ಮೆತ್ತಗೆ, ಆದರೆ ಏನೂ ಬಿಡದೆ.

ಅತ್ತೆ ಕೇಳಿದಳು, “ನಂದು ಎಷ್ಟು ತಿಂಗಳು ಅಂದೆ?”

“ಏಳು.”

ಮೇಜಿನ ಮೇಲೆ ಅತ್ತೆಯ ಹೆಬ್ಬೆರಳು ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ, ಎಲ್ಲೋ ಒಂದು ಕಡೆ ನಿಂತುಕೊಂಡಿತು. ಸೀಸೆಯ ಮಗಳಿಗೆ ತಕ್ಷಣ ತಾನು ಮಾಡಿದ್ದು ತಪ್ಪೆನ್ನಿಸಿತು. ಎದ್ದು ಹೋಗಿ ಆ ಕೈ ಹಿಡಿಯಬೇಕೆನ್ನಿಸಿತು.

ಅಷ್ಟರಲ್ಲಿ ಅತ್ತೆ ಮೇಜಿಗೊಂದು ಏಟು ಹಾಕಿದಳು. “ನೋಡಿದ್ಯೇನೋ!” ಅಂದದ್ದು ಪ್ರೆಸ್ ಅಣ್ಣನಿಗೆ. “ನಾನು ಬಾಯಿ ಬಡ್ಕೊಂಡೆ ಇಷ್ಟು ವರ್ಷ. ಕಲ್ಲು ಕಲ್ಲು ಅಂದೆ. ಕಲ್ಲಾದ್ರೂ ವಾಸಿ, ಸುಮ್ನೆ ಬಿದ್ದಿರುತ್ತೆ. ನಾಲ್ಕು ಜನರನ್ನೂ ಹೊಟ್ಟೇಲೇ ಮುಗಿಸೋಕೆ ಹೊರಟಿದ್ಲು. ನಮ್ಮಪ್ಪ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದಾನೆ!”

“ಅತ್ತೆ, ಕಾಯ್ದಿದ್ದಲ್ಲ. ಇನ್ನೊಂದು ಹೆರಿಗೆ ಬೇಡ ಅಂತ ಡಾಕ್ಟರು ಅಜ್ಜನಿಗೆ ಹೇಳಿದ್ರು—”

“ಹೇಳಿದ್ರು. ಗಮನಿಸಿದೆ ಅಂತ ಬರೆದಿಲ್ವಾ? ಗಮನಿಸಿದಾನೆ. ಇನ್ನೇನು ಮಾಡ್ಬೇಕಿತ್ತು?”

ಅವಳು ಡಾಕ್ಟರ ಪುಟವನ್ನು ಫೋನಿನಲ್ಲಿ ಮತ್ತೆ ತೆರೆದು ಮುಂದೆ ಹಿಡಿದಳು.

“ಅವಳು ಬೇಡ ಅಂದಿದ್ದನ್ನ ಅಪ್ಪ ಹೆಸರಿಟ್ಟು ಇಟ್ಕೊಂಡ,” ಎಂದಳು ಅತ್ತೆ. “ಹಾಕು ಪುಸ್ತಕದಲ್ಲಿ. ಮೊದಲ್ನೇ ಪುಟಾನೇ. ಎಲ್ಲರಿಗೂ ಗೊತ್ತಾಗ್ಲಿ ಎಂಥವಳ ಹೊಟ್ಟೇಲಿ ಹುಟ್ಟಿ ಬಂದ್ವಿ ಅಂತ. ಪಾಪ, ನಿನ್ನಪ್ಪನ ಸರದಿಗೆ ಔಷಧಿ ಕೊಡೋಳೇ ಇರ್ಲಿಲ್ಲ. ಕೊನೆಗೆ ಅವನೇ ಅವಳನ್ನ ಮುಗಿಸ್ದ.”

ಪ್ರೆಸ್ ಅಣ್ಣ ಆಗಲೇ ಫೋನು ಕೈಗೆ ತೆಗೆದುಕೊಂಡು ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸುತ್ತಿದ್ದ. ಅವನು ಕೆಟ್ಟವನಲ್ಲ; ಆದರೆ ಛಾಪಖಾನೆಯವನ ಕಣ್ಣಿಗೆ ಮೊದಲು ಕಾಣುವುದು ಅಚ್ಚು, ಅರ್ಥ ಆಮೇಲೆ. “ಎರಡು ಬಣ್ಣದಲ್ಲಿ ಹೊಡೆದ್ರೆ ಈ ಕೆಂಪು ಎದ್ದು ಕಾಣುತ್ತೆ,” ಎಂದ. “ಈ ಸಹಿ ಇದೆಯಲ್ಲ, ಇದನ್ನ ದೊಡ್ಡದು ಮಾಡಿ ಪುಟದ ತುಂಬ ಹಾಕೋಣ. ಭಾರಿ ಬರುತ್ತೆ.”

ಬುಧವಾರ ಕಚೇರಿಯಿಂದ ನೇರವಾಗಿ ಛಾಪಖಾನೆಗೆ ಹೋದಳು. ಒಳಗೆ ಯಂತ್ರ ಯಾವುದೋ ಚಪ್ಪಲಿ ಅಂಗಡಿಯ ರಿಯಾಯಿತಿಯನ್ನು ಸಾವಿರ ಸಲ ಉಗುಳುತ್ತಿತ್ತು. ಕರಡು ಪುಟ ಮೇಜಿನ ಮೇಲಿತ್ತು. ಅಜ್ಜನ ಫೋಟೋ: ಒಗೆದು ಇಸ್ತ್ರಿ ಮಾಡಿದ ಕೋಟು, ಕಿವಿಯ ಪಕ್ಕದ ಕೂದಲೂ ಅಳತೆ ಹಿಡಿದು ಕತ್ತರಿಸಿದ್ದು. ಎದುರು ಪುಟದಲ್ಲಿ ಅಂಗೈಯಗಲ ಹಿಗ್ಗಿದ ಅಜ್ಜಿಯ ಸಹಿ. ಅದರ ಕೆಳಗೆ ಅತ್ತೆ ಹೇಳಿ ಬರೆಸಿದ ಸಾಲು: ‘ಹೆತ್ತವಳೇ ಬೇಡವೆಂದ ನಮ್ಮನ್ನು ಅಪ್ಪ ಉಳಿಸಿಕೊಂಡ.’ ಮುನ್ನೂರು ಪ್ರತಿ. ನೆಂಟರು, ನೆಂಟರ ಮಕ್ಕಳು, ಮುಂದೆ ಹುಟ್ಟುವವರು.

ಬದುಕಿರುವ ತನಕ ಆ ಹೆಂಗಸು ಬರೆದು ಉಳಿಸಿದ್ದು ತನ್ನ ಹೆಸರೊಂದೇ, ನಾಲ್ಕು ಸಲ. ಒಮ್ಮೆಯೂ ಸುಳ್ಳು ಹೆಸರು ಹಾಕಿರಲಿಲ್ಲ. ಅದನ್ನು ಎಂಬತ್ತೈದು ವರ್ಷದ ಮೇಲೆ ಚೀಲದಿಂದ ತೆಗೆದು, ಧೂಳು ಕೊಡವಿ, ಗಂಡನ ಫೋಟೋದ ಎದುರು ತಂದು ನಿಲ್ಲಿಸಿದವಳು ತಾನು. ಅವನು ಇಟ್ಟ ನಾಲ್ಕು ಹೆಸರು ಅಡುಗೆಮನೆಗಷ್ಟೇ ಕೇಳಿಸುತ್ತಿದ್ದವು. ಇದು ಮುನ್ನೂರು ಮನೆಗೆ ಕೇಳಿಸುತ್ತದೆ.

“ಅಣ್ಣ, ಒಂದು ತಪ್ಪಾಗಿದೆ,” ಎಂದಳು.

“ಕಾಗುಣಿತಾನಾ?”

“ಅಲ್ಲ. ಅದು ನಮ್ಮ ಅಜ್ಜಿ ಅಲ್ಲ. ಆ ದವಾಖಾನೇಲಿ ಇಬ್ಬರು ಕಾಂಪೌಂಡರಿದ್ರು. ನೌಕರರ ಪಟ್ಟಿ ನಿನ್ನೆ ಸಿಕ್ತು. ಇದು ಇನ್ನೊಬ್ಬರ ಹೆಂಡತಿ.”

ಅವನು ಕನ್ನಡಕ ಹಣೆಗೇರಿಸಿದ. “ಹೆಸರು?”

“ಆ ಕಾಲಕ್ಕೆ ಬೀದಿಗೆ ಹತ್ತು ಜನಕ್ಕಿತ್ತು ಆ ಹೆಸರು.”

“ಔಷಧಿಗಳು? ನಾಲ್ಕಕ್ಕೆ ನಾಲ್ಕೂ ಹೊಂದ್ತಾವಲ್ಲೇ.”

“ಇದ್ದಿದ್ದೇ ಅಷ್ಟು ಔಷಧಿ, ಅಣ್ಣ. ಎಲ್ಲರಿಗೂ ಅವನ್ನೇ ಕೊಡ್ತಿದ್ರು.”

ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವಳು ಒಂದು ತಾರೀಖನ್ನೂ ತಿದ್ದಿದವಳಲ್ಲ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು. ಬಹುಶಃ ಅದೂ ಅಜ್ಜನ ಕಡೆಯಿಂದ ಬಂದದ್ದಿರಬೇಕು. ಪ್ರೆಸ್ ಅಣ್ಣ ಎರಡು ಬಣ್ಣದ ಪ್ಲೇಟು ದಂಡವಾಯಿತೆಂದು ಗೊಣಗುತ್ತ, “ನೀನೇ ಬಂದು ಅತ್ತೆಗೆ ಹೇಳು, ನನ್ನ ಕೈಲಾಗಲ್ಲ” ಎಂದು ಅವಳನ್ನು ಮನೆಗೆ ಎಳೆದುಕೊಂಡು ಹೋದ.

ಅತ್ತೆ ದಿಂಬಿಗೊರಗಿ ಕೂತಿದ್ದಳು. ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲವೆಂದು ಪ್ರೆಸ್ ಅಣ್ಣನ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದ್ದಳು. ಹೇಳಿದ್ದನ್ನೆಲ್ಲ ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದಳು.

“ಬೇರೆಯವಳಾ?”

“ಬೇರೆಯವಳು.”

“ಹಾಗಾದ್ರೆ ನಂದು ಏಳು ತಿಂಗಳಲ್ಲ.”

“ಅಲ್ಲ ಅತ್ತೆ.”

“ಹೆರಿಗೆ ಆದ್ಮೇಲೆ.”

“ಆದ್ಮೇಲೆ.”

“ರಕ್ತ ನಿಲ್ಲಿಸೋಕೆ.”

“ಹೌದು.”

ಅತ್ತೆ ಕಣ್ಣು ತೆರೆದಳು. ಮುಖಕ್ಕೆ ಹಳೆಯ ಖಾರ ಮರಳಿ ಬರಲು ಅರೆಗಳಿಗೆಯೂ ಬೇಕಾಗಲಿಲ್ಲ. “ಸರ್ಕಾರ ನಿಂಗೆ ಸಂಬಳ ಯಾಕೆ ಕೊಡುತ್ತೋ! ಯಾರ್ದೋ ಹೆಂಡ್ತೀನ ತಂದು ನಮ್ಮಮ್ಮ ಅಂತ ನಿಲ್ಲಿಸಿದ್ಯಲ್ಲ. ಹೆಡ್ಡಿ. ಥೇಟ್ ಸೀಸೆ ಮಗಳು, ಒಳಗೆ ಖಾಲಿ.”

“ತಪ್ಪಾಯ್ತು ಅತ್ತೆ.”

“ತಪ್ಪಾಯ್ತು ಅಂದ್ರೆ? ಮೂರು ದಿನ ಹೆತ್ತವಳಿಗೆ ಶಾಪ ಹಾಕಿದೀನಿ. ಬರ್ಕೋ. ನಾನು ಹೇಳ್ತೀನಿ.”

ಅವಳು ಬರೆದುಕೊಂಡಳು. ಬರವಣಿಗೆ ದುಂಡಗಿತ್ತು, ಕಚೇರಿಯಲ್ಲಿ ಎಲ್ಲರೂ ಮೆಚ್ಚುವ ಬರವಣಿಗೆ. ಕಾಂಪೌಂಡರು ಪ್ರತಿ ಹೆರಿಗೆಯಲ್ಲೂ ತಮ್ಮ ಪತ್ನಿಯನ್ನು ಸಾವಿನ ದವಡೆಯಿಂದ ಪಾರುಮಾಡಿದರು. ಉಳಿಸಿದ ಔಷಧಿಗಳ ಹೆಸರನ್ನು ಕೃತಜ್ಞತೆಯಿಂದ ಮಕ್ಕಳಿಗೆ ಇಟ್ಟರು. ಪತ್ನಿ ಮಿತಭಾಷಿಯಾಗಿದ್ದರು. ಮಿತಭಾಷಿ ಎಂಬುದು ಅವಳು ತಾನಾಗಿ ಸೇರಿಸಿದ್ದು. ಅತ್ತೆ ಹೇಳಿದ್ದು ಬೇರೆ ಪದ.

“ನಮ್ಮಪ್ಪಂದು?” ಎಂದು ಕೇಳಿದಳು.

“ಒಂದು ಸಾಲು ಹಾಕು. ಐದನೆಯವನ ಹೆರಿಗೆಯಲ್ಲಿ ತಾಯಿ ತೀರಿಕೊಂಡಳು.”

“ಹೆಸರು ಹಾಕ್ಲಾ?”

“ಹಾಕು, ಯಾರು ಬೇಡ ಅಂತಾರೆ. ಆದ್ರೆ ಹೆಸರಿನ ಕಥೆ ಅಂತ ಏನೂ ಹಚ್ಬೇಡ.”

ಹಚ್ಚಲಿಲ್ಲ.

ಮರುದಿನ ಬಂದ ಕರಡಿನಲ್ಲಿ ಪುಟ ಚೊಕ್ಕವಾಗಿತ್ತು. ಕೆಳಗೆ, ಪ್ರೆಸ್ ಅಣ್ಣ ತನ್ನ ಬುದ್ಧಿ ಓಡಿಸಿ, ಪುಸ್ತಕಕ್ಕೆ ತೂಕ ಬರಲೆಂದು ಓರೆ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದ: ‘ಸರ್ಕಾರಿ ದಾಖಲೆಗಳ ಆಧಾರದಿಂದ.’ ಅದರ ಪಕ್ಕದಲ್ಲಿ ಅವಳ ಹೆಸರು.

“ಇನ್ನೇನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬಿಡು,” ಎಂದ. “ಮತ್ತೆ ಪ್ಲೇಟು ಮಾಡ್ಸೋಕೆ ಆಗಲ್ಲ. ಇಲ್ಲಾಂದ್ರೆ ಮೂಲೇಲಿ ಒಂದು ರುಜು ಹಾಕು.”

ಅವಳು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದಳು. ಅಪ್ಪನ ಸಾಲಿನ ಹತ್ತಿರ ಪೆನ್ನು ಸ್ವಲ್ಪ ನಿಂತಿತು. ಆಮೇಲೆ ಮೂಲೆಯಲ್ಲಿ ‘ತಪ್ಪಿಲ್ಲ, ಅಚ್ಚಿಗೆ ಕಳಿಸಬಹುದು’ ಎಂದು ಬರೆದು, ರುಜು ಹಾಕಿ, ತಾರೀಖು ನಮೂದಿಸಿದಳು.